ಮಂಜಿನ ಯಂತ್ರಕ್ಕೆ ಒಂದು ಸಾಲು

ಈ ವಿಷಯವನ್ನು ಯಾರಿಗಾದರೂ ಹೇಳದೆ ಇದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ನಮ್ಮ ಬೀದಿಯವರಿಗೆಲ್ಲ ಸಾಕಾಗಿಹೋಗಿದೆ. ನಾನು ಬರುವುದು ಕಂಡರೆ ನಲ್ಲಿ ಹತ್ತಿರ ನಿಂತವರು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೊರಡುತ್ತಾರೆ. ಅದಕ್ಕೇ ಬರೆಯಲು ಕೂತೆ. ಓದಿದ್ದು ಮೂರನೇ ಕ್ಲಾಸು, ಬರೆಯುವುದು ನಿಧಾನ. ನಿಧಾನವಾದರೂ ಪರವಾಗಿಲ್ಲ, ಕಾಗದ ಎದ್ದು ಹೋಗುವುದಿಲ್ಲ.

ನಮ್ಮೂರು ಗುಂಡ್ಲುಪೇಟೆಗೆ ಹತ್ತಿರ. ನನ್ನ ತಮ್ಮ ಅಲ್ಲಿ ಚಾಕಿ ಮನೆ ನಡೆಸುತ್ತಾನೆ. ರೇಷ್ಮೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ರೇಷ್ಮೆ ಹುಳು ಮೊಟ್ಟೆಯಿಂದ ಬಂದಾಗ ಇರುವೆಗಿಂತ ಸಣ್ಣ, ಕಪ್ಪು ಕೂದಲಿನ ತುಂಡಿನ ಹಾಗೆ ಇರುತ್ತದೆ. ಆ ಎಳೆಯ ಹುಳುವನ್ನು ಎಲ್ಲ ರೈತರೂ ತಮ್ಮ ಮನೆಯಲ್ಲಿ ಸಾಕಲಾರರು. ಅದಕ್ಕೆ ಬೆಚ್ಚಗೆ ಇರಬೇಕು, ತೇವ ಇರಬೇಕು, ಹಿಪ್ಪುನೇರಳೆಯ ಎಳೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಹಾಕಬೇಕು. ಅದನ್ನು ಚಾಕಿ ಮನೆಯಲ್ಲಿ ನಾವು ಮಾಡುತ್ತೇವೆ. ಹುಳು ಸ್ವಲ್ಪ ದೊಡ್ಡದಾದ ಮೇಲೆ ರೈತರು ಬಂದು ತೆಗೆದುಕೊಂಡು ಹೋಗಿ ಗೂಡು ಕಟ್ಟುವ ತನಕ ಸಾಕುತ್ತಾರೆ. ನನ್ನ ತಮ್ಮ ಚಾಕಿ ಮನೆ ತೆರೆದ ದಿನದಿಂದ ಸೊಪ್ಪು ಕತ್ತರಿಸುವವಳು ನಾನೇ.

ಹುಳು ಬೆಳೆಯುವಾಗ ಮಧ್ಯೆ ಮಧ್ಯೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಬಿಟ್ಟು ಹೊಸ ಚರ್ಮದಲ್ಲಿ ಎದ್ದೇಳುತ್ತದೆ. ಇದಕ್ಕೆ ನಾವು ಜ್ವರ ಅನ್ನುತ್ತೇವೆ. ಹೆಸರು ಹಾಗೆ, ಕಾಯಿಲೆ ಏನೂ ಅಲ್ಲ. ತಿನ್ನುವ ಹೊತ್ತಿನಲ್ಲಿ ಹುಳುವಿಗೆ ತೇವ ಬೇಕು, ಜ್ವರಕ್ಕೆ ಕೂತಾಗ ತೇವ ಬೇಡ. ಆಗ ತಟ್ಟೆಯಲ್ಲಿ ಹುಳು ಕೂತ ಸೊಪ್ಪಿನ ಹಾಸಿಗೆ ಒಣಗಿರಬೇಕು. ಒದ್ದೆಯಾದರೆ ಕೆಲವು ಎದ್ದು ಕೆಲವು ಮಲಗಿ, ಒಂದೇ ತಟ್ಟೆಯಲ್ಲಿ ದೊಡ್ಡದು ಚಿಕ್ಕದು ಕಲಸಿಹೋಗುತ್ತವೆ. ಅಂಥ ಹುಳುವನ್ನು ಯಾವ ರೈತನೂ ಮುಟ್ಟುವುದಿಲ್ಲ. ಎಲ್ಲವೂ ಒಂದೇ ಸಮ ಏಳಬೇಕು. ಚಾಕಿ ಮನೆಯ ಮರ್ಯಾದೆ ಇರುವುದು ಅಷ್ಟರಲ್ಲೇ.

ಇನ್ನು ನನ್ನ ಮೊಮ್ಮಗಳ ವಿಷಯ. ಮಗಳ ಮಗಳು. ಚಾಮರಾಜನಗರದಲ್ಲಿ ಡಿಪ್ಲೊಮಾ ಮಾಡಿ, ಅಲ್ಲೇ ಗೆಳತಿಯರ ಜೊತೆ ರೂಮು ಮಾಡಿಕೊಂಡು, ಬದನಗುಪ್ಪೆಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಗೆ ಹೋಗುತ್ತಾಳೆ. ಅವರು ಹುಳು ಮನೆಗಳಿಗೆ ಒಂದು ಪೆಟ್ಟಿಗೆ ತಯಾರಿಸುತ್ತಾರೆ. ಒಳಗಿನ ಶಾಖ, ತೇವ ನೋಡಿಕೊಂಡು ಅದು ತಾನೇ ಹೀಟರು ಹಾಕುತ್ತದೆ, ತಾನೇ ಮಂಜಿನ ಯಂತ್ರ ಓಡಿಸುತ್ತದೆ. ಫಾಗರ್ ಅನ್ನುತ್ತಾರೆ, ನೀರನ್ನು ಹೊಗೆಯ ಹಾಗೆ ಊದುವುದರಿಂದ ನಾವು ಮಂಜಿನ ಯಂತ್ರ ಅನ್ನುತ್ತೇವೆ. ಸೇರಿದಾಗ ಅವಳನ್ನು ತಂತಿ ಬೆಸೆಯುವ ಮೇಜಿಗೆ ಹಾಕಿದ್ದರು. ಆಮೇಲೆ ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್ ಕೆಲಸಕ್ಕೆ ತೆಗೆದುಕೊಂಡರು. ಅವಳು ಸಾಫ್ಟ್‌ವೇರ್ ಹಾಕಿದ ಮೊದಲ ಪೆಟ್ಟಿಗೆಯನ್ನು ನಮ್ಮ ಚಾಕಿ ಮನೆಗೇ ತಂದಳು. ಬೇರೆಯವರ ಮನೆಗೆ ಒಯ್ಯುವ ಮೊದಲು ನಮ್ಮವರಿಗೆ ಎಂದು ಅವಳ ಆಸೆ.

ಆ ಸಲದ ಹುಳು ಬೆಳೆ ಕೆಟ್ಟಿತು.

ಪೆಟ್ಟಿಗೆ ಗೋಡೆಗೆ ಹಾಕಿದ್ದು ಮೊದಲ ಜ್ವರ ದಾಟಿದ ಮೇಲೆ, ಹುಳು ತಿನ್ನುವಾಗ ಅದು ಊದುತ್ತಿದ್ದುದು ನಮಗೆ ಸರಿಯೆಂದೇ ಕಂಡಿತು. ಎರಡನೇ ಜ್ವರಕ್ಕೆ ಹುಳು ಕೂತ ಮೇಲೂ ಮಂಜಿನ ಯಂತ್ರ ನಿಲ್ಲಲಿಲ್ಲ. ನಾವು ತೋಟದಿಂದ ಬಂದು ಬಾಗಿಲು ತೆಗೆದಾಗ ತಟ್ಟೆಗಳ ಅಂಚಿನಲ್ಲಿ ನೀರು ಹನಿ ಕಟ್ಟಿತ್ತು, ಹಾಸಿಗೆ ಹುಳಿ ವಾಸನೆ ಹೊಡೆಯುತ್ತಿತ್ತು. ಎಷ್ಟೋ ಹುಳು ಹಳೆಯ ಚರ್ಮದಲ್ಲೇ ಸಿಕ್ಕಿ ಸತ್ತವು. ಉಳಿದವು ದೊಡ್ಡದು ಚಿಕ್ಕದು ಕಲಸಿಹೋಗಿದ್ದರಿಂದ, ನನ್ನ ತಮ್ಮ ಅವನ್ನೂ ಗುಂಡಿಗೆ ಹಾಕಿ ಸುಣ್ಣ ಸುರಿದ. ಮೊದಲೇ ಹೇಳಿಟ್ಟಿದ್ದ ರೈತರನ್ನು ಬೇರೆ ಚಾಕಿ ಮನೆಗೆ ತಾನೇ ಕಳಿಸಿಕೊಟ್ಟ. ಆಮೇಲೆ ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿ ಸೊಪ್ಪಿನ ಕೊಠಡಿಯ ಮೂಲೆಯಲ್ಲಿ ಇಟ್ಟು ನನ್ನ ಹತ್ತಿರ ಬಂದ.

"ಅಕ್ಕ, ನಿನ್ನ ಮೊಮ್ಮಗ್ಳು ಬಂದ್ರೆ ಬರ್ಲಿ. ಟೀ ಕುಡೀಲಿ, ಊಟ ಮಾಡ್ಲಿ. ಉಳಾ ಮನೆ ಬಾಗ್ಲಿಗ್ ಮಾತ್ರ ಬರದು ಬ್ಯಾಡ."

ಜೋರು ಮಾಡಿ ಹೇಳಿದ್ದರೆ ನಾನೂ ಜೋರು ಮಾಡಬಹುದಿತ್ತು. ಮೆಲ್ಲಗೆ ಹೇಳಿದ. ನಾನು ಸೊಪ್ಪು ಕತ್ತರಿಸುತ್ತಾ ಕೂತೆ.

ಆ ಭಾನುವಾರವೇ ಅವಳು ಬಂದಳು. ತೆರಕಣಾಂಬಿ ಮೇಲೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳಂತೆ, ಮುಖ ಸಣ್ಣಗಾಗಿತ್ತು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಚಪ್ಪಲಿ ಬಿಟ್ಟು ನೇರ ತಮ್ಮನ ಮುಂದೆ ಹೋಗಿ ನೆಲದ ಮೇಲೆ ಕೂತಳು.

"ತಾತ, ಬೈಯೋದಾದ್ರೆ ಆಮೇಲೆ ಬೈಯಿ. ತೇವದ ಜಾಗದಲ್ಲಿ ಎಷ್ಟು ಒತ್ತಿದ್ದೆ ಅದೊಂದು ಯೋಳು."

"ಎಷ್ಟು ಒತ್ತಾರು? ಎರಡು."

"ಎರಡಾ?"

"ಎರಡು ಕಣಮ್ಮಿ. ಚಾಕಿ ಮನೇಲಿ ತೇವ ಯಾವಾಗ್ಲೂ ಎರಡೇ. ನಿಮ್ಮಜ್ಜೀನ ಕೇಳು."

ನಾನೂ ಹೌದು ಅಂದೆ. ಎರಡೇ. ಅದರಲ್ಲಿ ಕೇಳುವುದೇನಿದೆ?

ಅವಳು ನನ್ನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು. "ತಾತ, ಅಲ್ಲಿ ನೂರಕ್ಕೆ ಎಷ್ಟು ಅಂತ ಒತ್ತಬೇಕು. ಎಂಬತ್ತು, ಎಂಬತ್ತೈದು ಅಂಗೆ. ನೂರಕ್ಕೆ ಎರಡು ಅಂದ್ರೆ ಮರಳುಗಾಡು. ಎಲ್ಲಿಂದ ಬಂತು ಈ ಎರಡು?"

ತಮ್ಮನಿಗೆ ಸಿಟ್ಟು ಬಂತು. "ಗೋಡೆಯಿಂದ ಬಂತು, ಬಾ ತೋರುಸ್ತೀನಿ" ಅಂದ. ಬಾಗಿಲಿಗೂ ಬರಬೇಡ ಅಂದಿದ್ದವನೇ ಕಾಲು ತೊಳೆಸಿ ಒಳಗೆ ಕರೆದುಕೊಂಡು ಹೋದ.

ನಮ್ಮ ಚಾಕಿ ಮನೆಯ ಗೋಡೆಯಲ್ಲಿ ಎರಡು ಗಾಜಿನ ಕಡ್ಡಿ ಪಕ್ಕಪಕ್ಕ ತೂಗುಹಾಕಿದೆ. ಎರಡೂ ಶಾಖ ತೋರಿಸುವ ಕಡ್ಡಿಗಳೇ. ಒಂದು ಹಾಗೇ ಒಣಗಿರುತ್ತದೆ. ಇನ್ನೊಂದರ ಬುಡಕ್ಕೆ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ಪುಟ್ಟ ನೀರಿನ ಶೀಶೆಯಲ್ಲಿ ಇಳಿಬಿಟ್ಟಿರುತ್ತೇವೆ. ಕೋಣೆ ಒಣಗಿದ್ದರೆ ಬಟ್ಟೆಯ ನೀರು ಬೇಗ ಆರಿ ಒದ್ದೆ ಕಡ್ಡಿಯ ಶಾಖ ಇಳಿಯುತ್ತದೆ, ಎರಡರ ನಡುವಿನ ಅಂತರ ಜಾಸ್ತಿಯಾಗುತ್ತದೆ. ಕೋಣೆಯಲ್ಲಿ ತೇವ ಇದ್ದರೆ ಎರಡೂ ಹತ್ತಿರ ಹತ್ತಿರ ಇರುತ್ತವೆ. ಒಣ ಕಡ್ಡಿ ಇಪ್ಪತ್ತೇಳು, ಒದ್ದೆ ಕಡ್ಡಿ ಇಪ್ಪತ್ತೈದು ಇದ್ದರೆ ಅಂತರ ಎರಡು ಡಿಗ್ರಿ. ತಿನ್ನುವ ಎಳೆ ಹುಳುವಿಗೆ ಅದು ಸರಿ. ಎರಡು ದಾಟಿದರೆ ಒಣಗುತ್ತಿದೆ, ನೀರು ಬೇಕು. ಜ್ವರಕ್ಕೆ ಕೂತಾಗ ನಾಲ್ಕಿದ್ದರೆ ಚೆನ್ನ. ನಮ್ಮ ಕಡೆ ರೇಷ್ಮೆ ಮಾಡುವವರು ಇದನ್ನು ಬಾಯಿಬಿಟ್ಟು ಪೂರ್ತಿ ಹೇಳುವುದಿಲ್ಲ. "ಎಷ್ಟದ?" "ಎರಡದ." ಅಷ್ಟೇ ಮಾತು.

ಪೆಟ್ಟಿಗೆಗೆ ಇದು ಹೇಗೆ ಗೊತ್ತಾಗಬೇಕು? ಹೆಚ್ಚಾದರೋ ಕಮ್ಮಿಯಾದರೋ ಎಂಬುದನ್ನೂ ಅದರಲ್ಲಿ ನಾವೇ ಆರಿಸಬೇಕಿತ್ತು, ತೇವ ಎರಡು ದಾಟಿದರೆ ಮಂಜು ಬಿಡು ಎಂದು ತಮ್ಮ ಒತ್ತಿದ್ದ. ಪೆಟ್ಟಿಗೆಯ ಲೆಕ್ಕದಲ್ಲಿ ಕೋಣೆಯ ತೇವ ಯಾವಾಗಲೂ ಎರಡನ್ನು ದಾಟಿರುತ್ತದೆ. ಪಾಪ, ಹೇಳಿದ್ದನ್ನು ಕೇಳಿಕೊಂಡು ಬಿಡದೆ ಊದಿದೆ.

ಮೊಮ್ಮಗಳು ಕಡ್ಡಿಗಳ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಹಣೆಗೆ ಕೈ ಇಟ್ಟುಕೊಂಡು ನಗಲು ಶುರುಮಾಡಿದಳು.

"ನಗ್ತೀಯಲ್ಲಮ್ಮಿ, ತಟ್ಟೆ ತಟ್ಟೆ ಉಳ ಗುಂಡಿಗ್ ಹಾಕಿವ್ನಿ" ಅಂದ ತಮ್ಮ.

"ನಿನ್ನ ನೋಡಿ ನಗ್ತಿಲ್ಲ ತಾತ. ನೀನು ಒತ್ತಿದ್ದೂ ಸರಿ, ಪೆಟ್ಟಿಗೆ ಮಾಡಿದ್ದೂ ಸರಿ. ಮಧ್ಯದಲ್ಲಿ 'ಎರಡು ಏನು' ಅಂತ ಕೇಳೋರು ಯಾರೂ ಇರಲಿಲ್ಲ."

"ಸರಿಯಾಗಿದ್ರೆ ಉಳ ಯಾಕ ಸತ್ತೊ?" ಅಂದು ತಮ್ಮ ಹೊರಗೆ ಹೋದ. ಅವಳು ಕಡ್ಡಿಗಳ ಫೋಟೋ ತೆಗೆದುಕೊಂಡಳು. ಸಂಜೆ ಬಸ್ಸಿಗೆ ಹೊರಟಳು.

ಮುಂದೆ ಕಂಪನಿಯಲ್ಲಿ ನಡೆದದ್ದನ್ನು ಅವಳು ಫೋನಿನಲ್ಲಿ ಹೇಳಿದ್ದು. ಅಲ್ಲಿನ ದೊಡ್ಡವರು, ಅಂಕಿಯ ಪಕ್ಕದಲ್ಲಿ ಶೇಕಡಾ ಗುರುತು ಹಾಕಿದರೆ ಸಾಕು ಅಂದರಂತೆ. ಇವಳು ಸಾಲದು ಅಂದಳು. ಬರೀ ಅಂಕಿ ತುಂಬುವ ಜಾಗ ಇದ್ದರೆ ಯಾರು ಯಾವ ಅಂಕಿ ಬೇಕಾದರೂ ತುಂಬುತ್ತಾರೆ, ಗುರುತನ್ನು ಯಾರೂ ನೋಡುವುದಿಲ್ಲ. ಅಂಕಿಯ ಬದಲು ಒಂದು ಸಾಲು ಬರೆಯುವ ಹಾಗೆ ಮಾಡೋಣ, ಆ ಸಾಲನ್ನು ಪೆಟ್ಟಿಗೆ ಮೊದಲು ಓದಿ ನೋಡಲಿ, ಒಪ್ಪಿದರೆ ಮಾತ್ರ ಓಡಿಸಲಿ ಅಂದಳು. ಅದಕ್ಕೆಂದೇ ಚಿಕ್ಕ ಭಾಷೆಗಳು ಇವೆಯಂತೆ, ದೊಡ್ಡ ದೊಡ್ಡ ಕಡೆ ಬಳಸುತ್ತಾರಂತೆ. ಹುಳು ಮನೆಗೆ ಯಾಕೆ ಆಗಬಾರದು?

"ಭಾಷೆ ಅಂದ್ರೆ ನಮ್ಮಂಗೆ ಮಾತಾಡ್ತದಾ?" ಅಂತ ಕೇಳಿದೆ.

"ಇಲ್ಲಜ್ಜಿ, ಬಾಳ ಬಡ ಭಾಷೆ. ಒಂದು ಸಾಲು ಕೊಟ್ರೆ ಹೌದು ಇಲ್ಲಾ ಇಲ್ಲ, ಅಷ್ಟೇ ಯೋಳೋದು. ಅದಕ್ಕೆ ಕಥೆ ಬರಲ್ಲ. ಸುತ್ತಿ ಸುತ್ತಿ ಅಲ್ಲೇ ಸಿಕ್ಕಾಕೊಳ್ಳೋಕೂ ಬರಲ್ಲ. ಕೇಳಿದ್ದಕ್ಕೆ ಉತ್ತರ ಯೋಳಿ ಸುಮ್ಕಾಗ್ತದ."

"ನಿಮ್ಮ ತಾತನಂಗೆ ಅನ್ನು."

"ಆದ್ರೆ ಒಂದು ಅದ. ಅದರಲ್ಲಿ ಪ್ರತಿಯೊಂದಕ್ಕೂ ಒಂದು ಜಾತಿ ಇರ್ತದ."

"ಅಯ್ಯೋ, ಅಲ್ಲೂ ಜಾತಿಯೇನಮ್ಮಿ?"

ಅವಳು ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು. "ಬುಡು, ಬಗೆ ಅನ್ನು. ಇಂಗ್ಲಿಷಲ್ಲಿ ಟೈಪು ಅಂತಾರೆ. ಶಾಖ ಒಂದು ಬಗೆ, ಶೇಕಡಾ ಒಂದು ಬಗೆ, ಕಡ್ಡಿಗಳ ಅಂತರ ಒಂದು ಬಗೆ, ಹೊತ್ತು ಒಂದು ಬಗೆ. ಉಳ ತಿಂತಾ ಅದೋ ಜ್ವರಕ್ಕೆ ಕೂತದೋ ಅನ್ನೋದೇ ಇನ್ನೊಂದು ಬಗೆ. ಒಂದರ ಪಕ್ಕ ಇನ್ನೊಂದನ್ನ ಇಟ್ಟು ಹೆಚ್ಚೋ ಕಮ್ಮಿಯೋ ಅಂತ ಕೇಳಿದ್ರೆ ಅದು ಒಪ್ಪಲ್ಲ. ನೀನು ಒಂದು ಸೇರು ರಾಗಿ ದೊಡ್ಡದೋ ಒಂದು ಮೊಳ ಹೂ ದೊಡ್ಡದೋ ಅಂತ ಕೇಳ್ತೀಯಾ?"

ಕೇಳುವುದಿಲ್ಲ. ಯಾರು ಕೇಳುತ್ತಾರೆ? ಇಷ್ಟಕ್ಕೆ ಒಂದು ಭಾಷೆ ಬೇಕಾಯಿತೇ ಅನ್ನಿಸಿತು. ಆದರೆ ತಮ್ಮ ಎರಡು ಒತ್ತಿದ್ದೂ ನಾನು ಹೌದು ಹೌದು ಅಂದದ್ದೂ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಅವಳು ಒಳ್ಳೆಯ ಸುದ್ದಿಯ ಹಿಂದೆಯೇ ಕೆಟ್ಟದ್ದನ್ನೂ ಹೇಳಿದಳು. ಕಂಪನಿಯವರು ಅವಳ ಮಾತಿಗೆ ಒಪ್ಪಿ, ಒಂದು ಚಾಕಿ ಮನೆಯಲ್ಲಿ ಒಂದು ಬೆಳೆ ಇದನ್ನು ಓಡಿಸಿ ತೋರಿಸು ಅಂದಿದ್ದರು. ಹುಳು ಚೆನ್ನಾಗಿ ಎದ್ದರೆ ಎಲ್ಲ ಪೆಟ್ಟಿಗೆಗೂ ಇದೇ. ಯಾರೂ ಒಪ್ಪದಿದ್ದರೆ, ಅಥವಾ ಒಪ್ಪಿ ಬೆಳೆ ಕೆಟ್ಟರೆ, ಈ ಕೆಲಸ ನಿಲ್ಲಿಸಿ ಅವಳು ತಿರುಗಿ ತಂತಿ ಬೆಸೆಯುವ ಮೇಜಿಗೆ. ಅವಳು ಎರಡು ಮೂರು ಚಾಕಿ ಮನೆ ಕೇಳಿ ನೋಡಿದ್ದಳು. ಎಲ್ಲರೂ ಒಂದೇ ಮಾತು ಕೇಳಿದರಂತೆ: ನಿಮ್ಮ ತಾತನೇ ಬಿಚ್ಚಿಟ್ಟಿದ್ದಾರಂತಲ್ಲ?

ತಂತಿ ಬೆಸೆಯುವುದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ಅದೂ ಅನ್ನ ಕೊಡುವ ಕೆಲಸವೇ. ಆದರೆ ಈ ಸಾಲಿನ ವಿಷಯ ಹೇಳುವಾಗ ಅವಳ ಗಂಟಲಿನಲ್ಲಿ ಒಂದು ಓಟ ಇತ್ತು. ಚಿಕ್ಕವಳಿದ್ದಾಗ ಹಿಪ್ಪುನೇರಳೆ ಹಣ್ಣು ತಿಂದು ಬಾಯೆಲ್ಲ ಕಪ್ಪು ಮಾಡಿಕೊಂಡು ಓಡಿ ಬಂದು ಏನನ್ನೋ ಹೇಳುತ್ತಿದ್ದಳಲ್ಲ, ಅದೇ ಓಟ. ಅದು ನಿಂತುಹೋಗುವುದು ನನಗೆ ಬೇಡವಾಗಿತ್ತು.

ಮಾರನೆಯ ದಿನ ಸೊಪ್ಪು ಕತ್ತರಿಸುತ್ತಾ ತಮ್ಮನಿಗೆ ಹೇಳಿದೆ. ಅವನು ಕೇಳಿಸದವನ ಹಾಗೆ ತಟ್ಟೆ ಒರೆಸಿದ. ಅದರ ಮಾರನೆಯ ದಿನವೂ ಹೇಳಿದೆ. ಮೂರನೆಯ ಸಲ ಹೇಳುವಷ್ಟರಲ್ಲಿ ಅವನೇ ತಿರುಗಿದ.

"ಅಕ್ಕ, ಒಂದ್ ಮಾತು. ಆ ಸಾಲನ್ನ ನಾನೇ ಬರೀತೀನಿ. ಅವ್ಳು ಕೈ ಕಟ್ಕಂಡ್ ಕೂತಿರ್ಬೇಕು, ಬಾಯೂ ಬುಡಂಗಿಲ್ಲ. ನಾನು ತಪ್ ಮಾಡ್ದಾಗ ಆ ಪೆಟ್ಗೆ ಏನ್ ಮಾಡ್ತದ ನಾನ್ ನೋಡ್ಬೇಕು."

"ಮಾಡು" ಅಂದೆ. ಹುಡುಗಿಗೆ ಫೋನು ಮಾಡಿ ಹೇಳಿದೆ. ಬಾಯೂ ಬಿಡಬಾರದಾ ಎಂದು ಕೇಳಿದಳು. ಆಮೇಲೆ, "ಸರಿ ಅಜ್ಜಿ. ಅದೇ ಒಳ್ಳೇದು" ಅಂದಳು.

ಬಿಸಿಲು ಏರುತ್ತಿದ್ದ ಕಾಲ. ಬಂಡೀಪುರದ ಕಡೆಯಿಂದ ಬೀಸುವ ಗಾಳಿ ಕೂಡ ಬೆಚ್ಚಗಿತ್ತು. ಮೊಟ್ಟೆಯಿಂದ ಬಂದ ಹೊಸ ಹುಳುಗಳನ್ನು ತಟ್ಟೆಗೆ ಇಳಿಸುವ ಹಿಂದಿನ ದಿನ ಅವಳು ಬಂದು ಪೆಟ್ಟಿಗೆಯನ್ನು ಗೋಡೆಗೆ ಹಾಕಿದಳು. ಎರಡು ಗಾಜಿನ ಕಡ್ಡಿಗಳ ಪಕ್ಕದಲ್ಲೇ ತಾನೂ ಪೆಟ್ಟಿಗೆಗೆ ತಂತಿ ಜೋಡಿಸಿದ ಎರಡು ಹೊಸ ಕಡ್ಡಿ ಇಟ್ಟು, ಒಂದಕ್ಕೆ ಬಟ್ಟೆ ಸುತ್ತಿ ನೀರಿನ ಶೀಶೆಗೆ ಇಳಿಬಿಟ್ಟಳು. ಬಟ್ಟೆಯ ಗಂಟು ಸಡಿಲ ಇತ್ತು, ತಮ್ಮ ಅದನ್ನು ಬಿಗಿ ಮಾಡಿದ. ಪೆಟ್ಟಿಗೆಯ ಒಳಗೆ ಎಲ್ಲ ಇಂಗ್ಲಿಷಿನಲ್ಲೇ ಇರುತ್ತದಂತೆ. ನಮ್ಮ ಫೋನಿನಲ್ಲಿ ಕಾಣುವ ಪುಟವನ್ನು ಮಾತ್ರ ಅವಳು ಕನ್ನಡದಲ್ಲಿ ಮಾಡಿದ್ದಳು.

ಜಗುಲಿಯ ಮೇಲೆ ಮೂವರೂ ಕೂತೆವು. ಅವಳು ನಿಜವಾಗಿಯೂ ಕೈ ಕಟ್ಟಿಕೊಂಡಳು. ತಮ್ಮ ಕನ್ನಡಕ ಹಾಕಿಕೊಂಡು, 'ಮಂಜಿನ ಯಂತ್ರ ಯಾವಾಗ ಓಡಬೇಕು?' ಎಂಬಲ್ಲಿ ಬೆರಳಿಟ್ಟು, ಬೇಕೆಂದೇ ಹಳೆಯದನ್ನೇ ಬರೆದ: ತೇವ ಎರಡಕ್ಕಿಂತ ಹೆಚ್ಚು.

ಫೋನಿನಲ್ಲಿ ಕೆಂಪು ಅಕ್ಷರ ಬಂತು. ಅವನು ಜೋರಾಗಿ ಓದಿದ: "ತೇವ ಶೇಕಡಾದಲ್ಲಿದೆ. ಎರಡು ಬರೀ ಅಂಕಿ. ಎರಡು ಏನು?"

"ನೋಡಕ್ಕ, ನನ್ನೇ ಕೇಳ್ತದ!"

"ಯೋಳು ಮತ್ತ" ಅಂದೆ.

"ಎರಡು ಡಿಗ್ರಿ ಕಣಪ್ಪ" ಎನ್ನುತ್ತಾ ಬರೆದ. ತಿರುಗಿ ಕೆಂಪು. ತೇವವನ್ನು ಡಿಗ್ರಿಯ ಜೊತೆ ಹೋಲಿಸಲಾಗದು, ಡಿಗ್ರಿಯಲ್ಲಿ ಇರುವುದು ಶಾಖ ಮತ್ತು ಅಂತರ. ತಮ್ಮ ಕನ್ನಡಕದ ಮೇಲಿಂದ ಹುಡುಗಿಯನ್ನು ನೋಡಿದ. ಅವಳು ತೆಂಗಿನ ಮರ ನೋಡುತ್ತಿದ್ದಳು.

"ಅಂತರ ಅಂದ್ರ ನಮ್ ಕಡ್ಡಿದಾ?"

ಅವಳು ಮಾತಾಡುವ ಹಾಗಿರಲಿಲ್ಲವಲ್ಲ, ತಲೆ ಕೂಡ ಆಡಿಸಲಿಲ್ಲ. ಅವನು ತಾನೇ ತೇವ ಅಳಿಸಿ ಅಂತರ ಎಂದು ಹಾಕಿದ. ಅಂತರ ಎರಡು ಡಿಗ್ರಿಗಿಂತ ಹೆಚ್ಚು. ಹಸಿರು ಬಂತು. ಒಪ್ಪಿದೆ ಎಂದು ಬರೆದಿತ್ತು.

"ಒಪ್ತು!" ಅಂದ ತಮ್ಮ. ಎಂದೂ ಹಲ್ಲು ಕಾಣಿಸದವನ ಬಾಯಲ್ಲಿ ಹಲ್ಲು ಕಂಡವು.

ನಾನು ಹುಡುಗಿಯ ಕಡೆ ನೋಡಿದೆ. ಅವಳ ಮುಖದಲ್ಲಿ ಸಂತೋಷ ಇರಲಿಲ್ಲ. ತುಟಿ ಕಚ್ಚಿಕೊಂಡಿದ್ದಳು. ಏನೋ ಬಾಕಿ ಇದೆ, ಆದರೆ ಮಾತು ಕೊಟ್ಟಿದ್ದಾಳೆ. ನಾನು ಸಾಲನ್ನು ಇನ್ನೊಂದು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಅಂತರ ಎರಡು ಡಿಗ್ರಿಗಿಂತ ಹೆಚ್ಚಾದರೆ ಮಂಜು. ಜ್ವರಕ್ಕೆ ಕೂತಾಗಲೂ ಎರಡು ದಾಟುತ್ತದೆ, ದಾಟಬೇಕು. ಆಗಲೂ ಇದು ಊದುತ್ತದೆ!

"ಲೋ, ಜ್ವರಕ್ ಕೂತಾಗ?" ಅಂದೆ.

"ಹ್ಞಾಂ?"

"ಜ್ವರಕ್ ಕೂತಾಗ ನಾಕು ಆಗಬೇಕಲ್ಲ. ನಿನ್ ಸಾಲು ಮೂರಕ್ಕೇ ನೀರು ಊದ್ತದಲ್ಲ."

ತಮ್ಮ ಫೋನು ಕೆಳಗಿಟ್ಟ. "ಮತ್ತ ಇದು ಒಪ್ತು?" ಎಂದು ಹುಡುಗಿಯನ್ನು ಕೇಳಿದ. "ಯೋಳಮ್ಮಿ, ಈಗ ಬಾಯ್ ಬುಡು."

"ಬಗೆ ಸರಿ ಅದ ಅಂತ ಒಪ್ತು ತಾತ" ಅಂದಳು. "ಉಳಕ್ಕೆ ಏನು ಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ. ಸೇರಿಗೆ ಸೇರು, ಮೊಳಕ್ಕೆ ಮೊಳ ಇಟ್ಟಿದ್ದೀಯಾ ಅಂತ ಮಾತ್ರ ನೋಡ್ತದ. ಎಷ್ಟು ಸೇರು ಬೇಕು ಅಂತ ನಾವೇ ಯೋಳಬೇಕು. ನಾನು ಅದನ್ನ ಮೊದ್ಲೇ ಯೋಳಬೇಕಾಗಿತ್ತು, ನೀನು ಬಾಯಿ ಮುಚ್ಚಿಸಿಬಿಟ್ಟೆ."

ಈ ಮಾತಿಗೆ ತಮ್ಮ ಪೆಟ್ಟಿಗೆಯನ್ನು ತಿರುಗಿ ಬಿಚ್ಚುತ್ತಾನೆ ಅಂದುಕೊಂಡೆ. ಅವನು ಮೆಲ್ಲಗೆ ತಲೆ ಆಡಿಸಿದ. ಎಲ್ಲ ನನಗೆ ಗೊತ್ತು ಅನ್ನುವ ಯಂತ್ರವನ್ನು ಅವನು ನಂಬುತ್ತಿರಲಿಲ್ಲ ಅಂತ ಕಾಣುತ್ತದೆ. ಇದು ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಿತ್ತು, ಅದು ಅವನಿಗೆ ಹಿಡಿಸಿತು. ಫೋನು ತೆಗೆದುಕೊಂಡು, ಹುಳು ಯಾವ ಹಂತದಲ್ಲಿದೆ ಎಂಬ ಜಾಗದಲ್ಲಿ ಎರಡು ಎಂದು ಹಾಕಿದ, ಎರಡನೇ ಜ್ವರ ಅಂತ. ಮತ್ತೆ ಕೆಂಪು. ಹಂತ ಅಂಕಿಯಲ್ಲ, ತಿನ್ನುವುದು ಅಥವಾ ಜ್ವರ, ಎರಡರಲ್ಲಿ ಒಂದು ಆರಿಸಿ. "ಇದ್ಕೆ ನನ್ ಎರಡರ ಮೇಲೆ ಏನೋ ದ್ವೇಷ ಅದ ಕಣಕ್ಕ" ಎನ್ನುತ್ತಾ ಆರಿಸಿದ. ಕೊನೆಗೆ ಸಾಲು ಹೀಗಾಯಿತು: ಹಂತ ಜ್ವರವಲ್ಲ, ಮತ್ತು ಅಂತರ ಎರಡು ಡಿಗ್ರಿಗಿಂತ ಹೆಚ್ಚು.

ಹುಳು ಜ್ವರಕ್ಕೆ ಕೂತದ್ದನ್ನು ಪೆಟ್ಟಿಗೆ ಕಾಣಲಾರದು. ನಾವು ನೋಡಿ ಗುಂಡಿ ಒತ್ತಬೇಕು. ಅದು ನನ್ನ ಕೆಲಸ ಅಂತ ತಮ್ಮನೇ ಹೇಳಿದ.

ಬೆಳೆ ಶುರುವಾಯಿತು. ಮೊದಲ ಜ್ವರ ಚೆನ್ನಾಗಿಯೇ ದಾಟಿತು, ಆದರೆ ಹೋದ ಸಲವೂ ಮೊದಲ ಜ್ವರ ಹೇಗೋ ದಾಟಿತ್ತು. ಅದಕ್ಕೇ ಎರಡನೆಯದನ್ನು ಕಾದೆವು. ಹುಡುಗಿ ಬದನಗುಪ್ಪೆಯಿಂದ ಊಟದ ಹೊತ್ತಿಗೆ ಫೋನು ಮಾಡಿ "ಎಷ್ಟದ ಅಜ್ಜಿ?" ಅನ್ನುತ್ತಿದ್ದಳು. ನಾನು "ಎರಡದ" ಅನ್ನುತ್ತಿದ್ದೆ. ಅವಳೂ ನಮ್ಮ ಹಾಗೆ ಕೇಳುವುದನ್ನು ಕಲಿತುಬಿಟ್ಟಿದ್ದಳು.

ಎರಡನೇ ಜ್ವರಕ್ಕೆ ಹುಳು ಕೂತದ್ದು ಒಂದು ಬೆಳಿಗ್ಗೆ. ತಟ್ಟೆಯಲ್ಲಿ ಸೊಪ್ಪು ಹಾಗೇ ಉಳಿದಿತ್ತು, ತಲೆಗಳೆಲ್ಲ ಮೇಲೆ. ಹಾಸಿಗೆ ಒಣಗಲಿ ಎಂದು ಸುಣ್ಣದ ಪುಡಿ ಉದುರಿಸಿ, ಜ್ವರದ ಗುಂಡಿ ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಒಲೆಯ ಬಾಯಿಯಿಂದ ಬಂದ ಹಾಗೆ ಬೀಸುತ್ತಿತ್ತು. ಮಂಜಿನ ಯಂತ್ರ ಸುಮ್ಮನಿತ್ತು. ತಮ್ಮ ಒಳಗೆ ಹೋಗುವುದು, ಕಡ್ಡಿ ನೋಡುವುದು, ಹೊರಗೆ ಬರುವುದು. "ಮೂರುವರೆ ಅದ." ಮತ್ತೆ ಒಳಗೆ, ಮತ್ತೆ ಹೊರಗೆ. "ನಾಕು." ಬಾಗಿಲ ಹೊರಗಿನಿಂದ ಯಂತ್ರದ ಸದ್ದಿಗೆ ಕಿವಿಗೊಡುತ್ತಿದ್ದ. ಸದ್ದಿಲ್ಲ. ಸದ್ದು ಇಲ್ಲದಿರುವುದು ಅಷ್ಟು ಚೆನ್ನಾಗಿ ಕೇಳಿಸುತ್ತದೆ ಅಂತ ನನಗೆ ಅಂದು ಗೊತ್ತಾಯಿತು.

ಹುಡುಗಿಯ ಫೋನು ಬಂದಾಗ ತಮ್ಮನೇ ಎತ್ತಿದ. "ನಾಕದ. ಊದ್ತಿಲ್ಲ. ನೀನು ನಿನ್ ಕೆಲ್ಸ ನೋಡು" ಎಂದು ಇಟ್ಟುಬಿಟ್ಟ.

ಮಾರನೆಯ ದಿನ ಬಿಸಿಲು ಏರುವ ಮೊದಲು ಮೊದಲ ಹುಳುಗಳು ಎದ್ದವು. ಇಲ್ಲೊಂದು ಕಷ್ಟದ ಕೆಲಸ ಇದೆ, ಏನೆಂದರೆ ಕೈ ಕಟ್ಟಿಕೊಂಡು ನಿಲ್ಲುವುದು. ಮೊದಲು ಎದ್ದವು ಹಸಿವಿಗೆ ತಲೆ ಆಡಿಸುತ್ತವೆ, ಆದರೂ ಸೊಪ್ಪು ಹಾಕಬಾರದು. ಹಾಕಿದರೆ ಅವು ಮುಂದೆ ಹೋಗುತ್ತವೆ, ಉಳಿದವು ಹಿಂದೆ ಬೀಳುತ್ತವೆ. ಎಲ್ಲ ಏಳುವ ತನಕ ಕಾಯಬೇಕು. ಹೋದ ಸಲ ಕಾದು ಕಾದು ಏಳದೆ ಉಳಿದದ್ದನ್ನು ನೋಡಿದವರು ನಾವು. ನಾನು ಕತ್ತರಿಸಿದ ಸೊಪ್ಪಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ ನಿಂತೆ. ತಮ್ಮ ತಟ್ಟೆಯಿಂದ ತಟ್ಟೆಗೆ ಬಗ್ಗಿ ನೋಡುತ್ತಾ ಹೋದ. ಕೆಳಗಿನ ತಟ್ಟೆ, ಮೇಲಿನ ತಟ್ಟೆ, ಕಿಟಕಿ ಪಕ್ಕದ್ದು, ಹೀಟರ್ ಪಕ್ಕದ್ದು. ಒಂದು ಕಡೆ ನಿಂತ.

"ಬಾ ಇಲ್ಲಿ."

ಹೋಗಿ ನೋಡಿದೆ. ಸುಣ್ಣದ ಬಿಳುಪಿನಲ್ಲಿ ಹಳೆಯ ಚರ್ಮಗಳು ಉದುರಿ ಬಿದ್ದಿದ್ದವು. ಅವುಗಳ ಮೇಲೆ ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಒಂದೇ ಗಾತ್ರದ, ಒಂದೇ ಬಣ್ಣದ ಹೊಸ ಹುಳು. ಎಲ್ಲ ಒಟ್ಟಿಗೆ ತಲೆ ಆಡಿಸುತ್ತಿದ್ದವು. ಎಲ್ಲ ತಟ್ಟೆಯಲ್ಲೂ ಹಾಗೇ.

"ಇಂಗ ಎದ್ದದ್ದು ನಾನ್ ನೋಡೇ ಇಲ್ಲ ಕಣಕ್ಕ" ಅಂದ.

"ಸೊಪ್ ಹಾಕನ?"

"ಹಾಕು, ಹಾಕು."

ಹಾಕುವ ಆತುರಕ್ಕೆ ಸೊಪ್ಪು ತಟ್ಟೆಯ ಆಚೆಗೂ ಬಿತ್ತು. ಎಳೆ ಹುಳು ತಿನ್ನುವ ಸದ್ದು ಯಾರಿಗೂ ಕೇಳಿಸುವುದಿಲ್ಲ, ದೊಡ್ಡ ಹುಳುವಿನದು ಮಾತ್ರ ಮಳೆ ಹನಿಯ ಹಾಗೆ ಕೇಳಿಸುತ್ತದೆ ಅನ್ನುತ್ತಾರೆ. ನನಗೆ ಅಂದು ಎಳೆ ಹುಳುವಿನದೂ ಕೇಳಿಸಿತು. ಯಾರು ನಂಬದಿದ್ದರೂ ಚಿಂತೆಯಿಲ್ಲ.

ಹುಳು ಕಳಿಸುವ ದಿನ ರಜೆ ಹಾಕಿ ಅವಳು ಬಂದಳು. ಬೆಳಗಿನ ತಂಪಿಗೇ ರೈತರು ಆಟೋ, ಬೈಕು ತಂದು ಅಂಗಳದಲ್ಲಿ ನಿಂತಿದ್ದರು. ಹೋದ ಸಲ ಬರಿಗೈಯಲ್ಲಿ ಹೋದವರೂ ಇದ್ದರು. ಅವಳು ಗೇಟಿನ ಹತ್ತಿರವೇ ನಿಂತಳು. ತಮ್ಮ ಅಲ್ಲಿಂದಲೇ ಕೂಗಿದ:

"ಅಲ್ಯಾಕ್ ನಿಂತ್ಕಂಡೆ? ಕಾಲ್ ತೊಳ್ಕಂಡ್ ಒಳಕ್ ಬಾ. ನಿನ್ ಉಳ ನೀನೇ ಎತ್ತಿ ಕೊಡು."

ನಿನ್ನ ಹುಳು ಅಂದ! ಇಷ್ಟು ವರ್ಷ ಅಲ್ಲಿ ಸೊಪ್ಪು ಕತ್ತರಿಸಿದ ನನಗೂ ಅವನು ಹಾಗೆ ಅಂದಿಲ್ಲ. ನನಗೆ ಹೊಟ್ಟೆಕಿಚ್ಚು ಬರಬೇಕಿತ್ತು, ಬಂದದ್ದು ಕಣ್ಣೀರು. ಸೆರಗಿನಲ್ಲಿ ಮುಖ ಒರೆಸಿಕೊಂಡರೆ ಕೈಗೆ ಅಂಟಿದ್ದ ಸುಣ್ಣವೆಲ್ಲ ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು. ಅವಳು ಹುಳು ಎತ್ತಿ ಕೊಡುತ್ತಿದ್ದಳು. ಹಗುರವಾಗಿ ಎತ್ತುತ್ತಾಳೆ, ಅವಳ ಕೈಗೆ ಅದು ಬರುತ್ತದೆ. ತಮ್ಮ ಪಕ್ಕದಲ್ಲಿ ನಿಂತು ಒಬ್ಬೊಬ್ಬರಿಗೂ, "ನಮ್ ಅಕ್ಕನ ಮೊಮ್ಮಗ್ಳು. ನಾನ್ ಬರ್ದ ತಪ್ಪು ಸಾಲ್ನ ಒಪ್ಪದೆ ವಾಪಸ್ ಕಳ್ಸೋ ಭಾಷೆ ಮಾಡವ್ಳೆ" ಅನ್ನುತ್ತಿದ್ದ. ಅವರಿಗೆ ಏನು ಅರ್ಥವಾಯಿತೋ ದೇವರಿಗೇ ಗೊತ್ತು. ಎಲ್ಲರೂ ಹುಳು ನೋಡಿ ತಲೆದೂಗಿದರು.

ಬೇಗೂರು ಕಡೆಯಿಂದ ಬಂದಿದ್ದ ಒಬ್ಬ ಹೆಂಗಸು ತನ್ನ ಪಾಲಿನ ಹುಳು ಆಟೋದಲ್ಲಿ ಇಟ್ಟ ಮೇಲೂ ಹೋಗಲಿಲ್ಲ.

"ಈ ಪೆಟ್ಗೇನ ನಮ್ ದೊಡ್ಡುಳ ಸಾಕೋ ಮನಗೂ ಆಕ್ಬೋದಾ ತಾಯಿ?" ಎಂದು ಕೇಳಿದಳು.

ಆಗಬಹುದು, ಹೀಗೆ ಮಾಡುತ್ತೇವೆ, ಹಾಗೆ ಮಾಡುತ್ತೇವೆ ಎಂದು ಹುಡುಗಿ ಶುರುಮಾಡುತ್ತಾಳೆ ಅಂದುಕೊಂಡೆ. ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ಅಕ್ಕ, ನಿಮ್ಮ ಮನೇಲಿ ತೇವ ಎಂಗೆ ನೋಡ್ತೀರಿ? ಗೋಡೇಲಿ ಕಡ್ಡಿ ಅವಾ?"

"ಕಡ್ಡಿ ಎಲ್ ಬಂತು. ಇದ್ದದ್ದು ಒಡ್ದೋಯ್ತು. ನಾನು ತಟ್ಟೇಲಿರೋ ಹಳೇ ಸೊಪ್ ಮುಟ್ ನೋಡ್ತೀನಿ ಅಷ್ಟೇಯ."

"ಮುಟ್ಟಿದ್ರೆ ಎಂಗಿರ್ಬೇಕು? ಬಾಡಿರ್ಬೇಕಾ, ಮುರೀಬೇಕಾ?"

ಆ ಹೆಂಗಸು ಆಟೋದವನಿಗೆ ಸ್ವಲ್ಪ ತಡಿ ಎಂದು ಕೈ ಸನ್ನೆ ಮಾಡಿ, ನನ್ನ ಬುಟ್ಟಿಯಿಂದ ಒಂದು ಎಲೆ ಎತ್ತಿಕೊಂಡು, ಬೆರಳ ನಡುವೆ ಹಿಡಿದು ತೋರಿಸಲು ಶುರುಮಾಡಿದಳು. ಹುಡುಗಿಯೂ ಒಂದು ಎಲೆ ಎತ್ತಿಕೊಂಡು ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.